ಅಟ್ಟದ ಮೇಲಿನ ಟ್ಯಾಂಕಿಗೆ ಎಷ್ಟು ತೂಕ?

ನಲ್ಲಿಯಲ್ಲಿ ನೀರು ನೂಲಿನ ಹಾಗೆ ಬಂದರೆ ಲಾಂಡ್ರಿ ನಡೆಯುವುದು ಹೇಗೆ? ನಮ್ಮ ಬೀದಿಯ ಲಾಂಡ್ರಿ ಅಣ್ಣನಿಗೆ ವರ್ಷವೆಲ್ಲ ಇದೇ ಗೋಳು. ಮೇಲಿಂದ ಬಿದ್ದರೆ ನೀರಿಗೆ ರಭಸ ಬರುತ್ತದೆ ಎಂದು ಕೊನೆಗೆ ಕಬ್ಬಿಣದ ಟ್ಯಾಂಕು ಮಾಡಿಸಿ, ಮನೆಯ ಮರದ ಅಟ್ಟದ ಮೇಲೆ ಕೂರಿಸಿಯೇಬಿಟ್ಟರು. ಉದ್ದ ಒಂದು ಮೀಟರ್, ಅಗಲ ಒಂದು ಮೀಟರ್, ಎತ್ತರವೂ ಒಂದು ಮೀಟರ್. ಅಟ್ಟದ ಕೆಳಗಿನ ಕೋಣೆಯಲ್ಲಿ ಬಾಣಂತಿ ಸೊಸೆ, ತೊಟ್ಟಿಲಲ್ಲಿ ಮೊಮ್ಮಗಳು.

ಅಣ್ಣ ಯೋಚನೆ ಮಾಡದೆ ಇಟ್ಟವರಲ್ಲ. ಮೊದಲೇ ಹೆಂಡತಿ, ಮಗ, ಇಸ್ತ್ರಿಯವನನ್ನು ಅಟ್ಟ ಹತ್ತಿಸಿ, ತಾವೂ ಹತ್ತಿ, ನಾಲ್ವರೂ ಕುಣಿದು ಪರೀಕ್ಷೆ ಮಾಡಿದ್ದರು. ಅಟ್ಟ ಕಮಕ್ ಕಿಮಕ್ ಎನ್ನಲಿಲ್ಲ. ಒಂದು ಮೀಟರಿಗೆ ನೂರು ಸೆಂಟಿಮೀಟರ್, ಹಾಗಾಗಿ ಟ್ಯಾಂಕಿಗೆ ನೂರು ಲೀಟರ್, ತೂಕ ನೂರು ಕಿಲೋ. ನಾಲ್ಕು ಜನರನ್ನು ಹೊತ್ತ ಅಟ್ಟಕ್ಕೆ ಅದು ಯಾವ ಲೆಕ್ಕ ಎಂಬುದು ಅವರ ವಾದ.

ಮೋಟಾರ್ ಹಾಕಿದಾಗ ಬೀದಿಗೆ ಬೀದಿಯೇ ನೋಡಲು ಬಂದಿತ್ತು. ನೀರು ಧೋ ಎಂದು ಬೀಳುತ್ತಿದ್ದರೆ ನಮಗೆಲ್ಲ ಖುಷಿಯೋ ಖುಷಿ. ಮಗುವನ್ನು ಮಾತಾಡಿಸಲು ಕೋಣೆಗೆ ಹೋದ ಬೇಕರಿ ಅಕ್ಕನಿಗೆ ಮಾತ್ರ ತೊಟ್ಟಿಲ ಬಟ್ಟೆಯ ಮೇಲೆ ಮರದ ಪುಡಿ ಕಂಡಿತು. ತಲೆಯೆತ್ತಿದರೆ ತೊಲೆ ಕಿರ್ರೆಂದಿತು. ಅಕ್ಕ ಮಗುವನ್ನು ಬಾಚಿಕೊಂಡು, ಬಾಣಂತಿಯ ಕೈ ಹಿಡಿದು ಹೊರಗೆ ಬಂದವರೇ ಮೋಟಾರ್ ಆರಿಸಿದರು.

ಅಣ್ಣನಿಗೆ ರೇಗಿತು. "ಏನ್ ತಂಗಿ ಇದು? ಇನ್ನೂ ಕಾಲು ಭಾಗ ತುಂಬಿಲ್ಲ. ನೂರು ಕಿಲೋಗೆ ಇಷ್ಟು ಗಾಬರಿನಾ?"

ಜಗಳ ಆಮೇಲೆ ಆಡೋಣ ಎಂದು ಅಕ್ಕ ಮನೆಯವರನ್ನೆಲ್ಲ ಹೊರಗೆ ಕರೆದರು. ಬೇಕರಿಗೆ ಓಡಿ ಬ್ರೆಡ್ ಮಾಡುವ ಚೌಕದ ಅಚ್ಚು ತಂದರು. ಉದ್ದ, ಅಗಲ, ಎತ್ತರ ಎಲ್ಲವೂ ಹತ್ತು ಸೆಂಟಿಮೀಟರ್. ಅದರ ತುಂಬ ನೀರು ಹಾಕಿದರೆ ಒಂದು ಲೀಟರ್. ಬಟ್ಟೆ ತೂಗುವ ಅಣ್ಣನ ತಕ್ಕಡಿಯಲ್ಲೇ ಇಟ್ಟು, ಅಚ್ಚಿನ ತೂಕ ಕಳೆದರು. ನೀರು ಒಂದು ಕಿಲೋ.

ಆಮೇಲೆ ಅಂಗಳದಲ್ಲಿ ಟ್ಯಾಂಕಿನ ತಳದಷ್ಟು ಚೌಕ ಗೀಚಿ, ಅಚ್ಚನ್ನು ಅಣ್ಣನ ಕೈಗೇ ಕೊಟ್ಟರು. ಒಂದು ಸಾಲಿಗೆ ಹತ್ತು ಅಚ್ಚು ಹಿಡಿಯಿತು. ಅಂಥ ಸಾಲು ಹತ್ತು. ಅಣ್ಣ ಗೆದ್ದವರ ಹಾಗೆ ಎದ್ದು ನಿಂತು, ನೂರೇ ತಾನೇ ಎಂದು ಎಲ್ಲರ ಮುಖ ನೋಡಿದರು.

"ಅದು ತಳದ ಒಂದು ಪದರ ಅಷ್ಟೇ ಅಣ್ಣಾ. ಮೇಲಕ್ಕೆ ಎಷ್ಟು ಪದರ ಬೇಕು?"

ಮೇಲಕ್ಕೂ ಹತ್ತು. ಅಣ್ಣ ಬೆರಳು ಮಡಿಸಿದರು, ಮತ್ತೆ ಮಡಿಸಿದರು. ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯನ ದನಿ ಕೆಳಗಿಳಿಯಿತು. "ಸಾವಿರ ಲೀಟರ್. ಅಂದ್ರೆ ಸಾವಿರ ಕಿಲೋ."

"ನಮ್ಮ ಬೇಕರಿಯ ಐವತ್ತು ಕಿಲೋ ಮೈದಾ ಮೂಟೆ ಇಪ್ಪತ್ತು. ಟ್ಯಾಂಕಿನ ತೂಕ ಬೇರೆ. ಅಷ್ಟನ್ನೂ ತೊಟ್ಟಿಲ ಮೇಲೆ ಪೇರಿಸ್ತೀರಾ?"

ಅಣ್ಣ ಮೊಮ್ಮಗಳನ್ನು ಎತ್ತಿ ಎದೆಗೊತ್ತಿಕೊಂಡರು. ಕಾಲು ಭಾಗವೂ ತುಂಬದ ನೀರೇ ಇನ್ನೂರು ಕಿಲೋ ದಾಟಿತ್ತು. ನಾಲ್ವರ ಜೊತೆ ಇನ್ನೊಂದು ಹದಿನೈದು ಜನರನ್ನು ಕುಣಿಸಬೇಕಿತ್ತು ಎಂದು ಹೆಂಡತಿ ಚುಚ್ಚಿದಾಗ ಕಣ್ಣೊರೆಸಿಕೊಂಡೇ ನಕ್ಕರು. ಹಿತ್ತಲಿನ ಲಾಂಡ್ರಿಯ ನಲ್ಲಿ ತಿರುಗಿಸಿ ಟ್ಯಾಂಕು ಖಾಲಿ ಮಾಡಿದರು. ಈಗ ಎಂಜಿನಿಯರನ್ನು ಕೇಳಿ ಹಿತ್ತಲಲ್ಲೇ ಅಟ್ಟದಷ್ಟೇ ಎತ್ತರದ ಗಟ್ಟಿ ಕಟ್ಟೆ ಕಟ್ಟಿಸಿ ಅದನ್ನಿಟ್ಟಿದ್ದಾರೆ. ನೀರು ಈಗಲೂ ಧೋ ಎಂದೇ ಬರುತ್ತದೆ.

ಅಕ್ಕಂದಿರೇ, ಅಣ್ಣಂದಿರೇ, ಟೇಪು ಹಿಡಿಯಿರಿ. ಟ್ಯಾಂಕಿನ ಉದ್ದ, ಅಗಲ, ಎತ್ತರವನ್ನು ಮೀಟರಿನಲ್ಲಿ ಅಳೆದು ಗುಣಿಸಿ, ಬಂದದ್ದನ್ನು ಸಾವಿರದಿಂದ ಗುಣಿಸಿ. ಅಷ್ಟು ಲೀಟರ್, ಅಷ್ಟೇ ಕಿಲೋ ನೀರು. ನಿಮ್ಮ ಅಟ್ಟವೋ ಛಾವಣಿಯೋ ಅದನ್ನು ತಡೆಯುತ್ತದೆಯೇ ಎಂದು ತಿಳಿದವರನ್ನು ಕೇಳಿ. ಟ್ಯಾಂಕಿನ ಕೆಳಗೆ ನಿಮ್ಮ ಮನೆಯಲ್ಲಿ ಯಾರು ಮಲಗುತ್ತಾರೆ ಎಂದು ನೋಡಿ, ಆಮೇಲೆ ಮೋಟಾರ್ ಹಾಕಿ.