ಹುಟ್ಟು ಡೊಂಕಿನ ಹೊನ್ನೆ

ನಾನು ಒಂದು ಮಂಜಿಯ ಪಕ್ಕೆಲುಬು. ಸರಕು ಹೊರುವ ಆ ಹಾಯಿಹಡಗಿನ ಹಲಗೆಗಳನ್ನು ಒಳಗಿನಿಂದ ತಬ್ಬಿ ಹಿಡಿಯುವುದೇ ನನ್ನ ಕುಲಧರ್ಮ. ಅದಕ್ಕೂ ಮೊದಲು ನಾನು ಗಂಗೊಳ್ಳಿಯಲ್ಲಿ ಮುಕಾಂಬುವಿನ ಅಂಗಳದಂಚಿನಲ್ಲಿ, ಬೀಜದಿಂದ ದೀಪದ ಎಣ್ಣೆ ಕೊಡುವ ಹೊನ್ನೆ ಮರದ ಕೊಂಬೆಯಾಗಿದ್ದೆ. ಕಡಲಗಾಳಿ ನನ್ನನ್ನು ಬಾಗಿಸಿಯೇ ಬೆಳೆಸಿತ್ತು. ಆಕೆ ಮಕ್ಕಳ ಜೋಲಿಯನ್ನು ನನಗೇ ಕಟ್ಟಿ ತೂಗಿದ್ದರಿಂದ, ಹಗ್ಗದ ಗೀರೊಂದು ನನ್ನ ಮೈಯಲ್ಲಿ ಆಳವಾಗಿ ಮೂಡಿತ್ತು.

ಆಕೆಯ ಗಂಡ, ಹಡಗು ನಡೆಸುವ ಶೇಷ ತಂಡೇಲನ ಹೊಸ ಮಂಜಿಗೆ ಮರ ಹುಡುಕುತ್ತಿದ್ದ ಸುಬ್ರಾಯ ಆಚಾರಿಯವರು ಒಂದು ದಿನ ನನ್ನನ್ನು ಕಂಡು ನಿಂತರು.

"ಈ ಗೂನ್‌ಬೆನ್ನಿನ್ ಮರ ನಮ್ಗ್ ಕೊಡ್ ಕಾಂಬ."

"ದೀಪದ್ ಎಣ್ಣಿಗ್ ನಾನ್ ಎಲ್ಲಿಗ್ ಹೋಪ್ದ್ ಆಚಾರ್ರೇ? ಜೋಲಿ ಎಲ್ ಕಟ್ಟುದ್?"

"ನಿನ್ ಗಂಡನ್ ತೂಗು ಜೋಲಿಗೇ ಕೇಂಬ್ದ್ ಮಾರಾಯ್ತಿ!"

ಮುಕಾಂಬು ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡು ಒಪ್ಪಿದಳು. ಜೋಲಿಯ ಗೀರನ್ನು ಮಾತ್ರ ಕೆತ್ತಿ ತೆಗೆಯಬಾರದೆಂದಳು. ಆಚಾರಿಯವರ ಬಾಚಿ ಆ ಮಾತನ್ನು ನಡೆಸಿಕೊಟ್ಟಿತು.

ನನ್ನ ಪಕ್ಕದ ಜಾಗಕ್ಕೆ ಹೊಂದುವ ಬಾಗಿದ ಮರ ಸಿಗಲಿಲ್ಲ. ಹಂಗಾಮಿನ ಮೊದಲ ಸರಕು ಬೇರೆಯವರ ಪಾಲಾದೀತೆಂಬ ತವಕ ತಂಡೇಲನಿಗೆ.

"ನೆಟ್ಟಗಿನ್ ಮರನೇ ಡೊಂಕ್ ಕೊಯ್ದ್ ಹಾಕಿ ಆಚಾರ್ರೇ."

"ಕೊಯ್ದ್ರೆ ಮರದ್ ನಾರ್ ಕಡಿತ್ತ್. ಹುಟ್ಟ್ ಡೊಂಕೇ ಬೇಕ್."

"ಒಂದೇ ಅಲ್ದಾ!"

ಆ ಒಂದೇ ಸಾಕಾಯಿತು. ಮಂಗಳೂರಿನ ಹೆಂಚು ಹೇರಿಕೊಂಡು ಕಾರವಾರದತ್ತ ಸಾಗುವಾಗ ಭಟ್ಕಳದ ಬಳಿ ಬಿರುಗಾಳಿ ಎದ್ದಿತು. ನನ್ನ ನೆರೆಯ ಪಕ್ಕೆಲುಬು, ಆ ನೆಟ್ಟಗಿನ ಮರದವನು, ಕೊಯ್ದ ಬಾಗಿನಲ್ಲೇ ಸೀಳಿದನು. ಹಲಗೆಗಳು ಬಾಯ್ದೆರೆದವು, ಅವನ ಭಾರವೂ ನನ್ನ ಮೇಲೆ ಬಿದ್ದಿತು. ಆಳುಗಳು ಹೆಂಚುಗಳನ್ನು ಕಡಲಿಗೆ ಎಸೆಯತೊಡಗಿದರು. ತಂಡೇಲನು ಸಂದಿಗೆ ಬಟ್ಟೆ ತುರುಕಿ, ಬೆನ್ನು ಕೊಟ್ಟು ಕುಳಿತು, ನನ್ನ ಗೀರಿನ ಮೇಲೆ ಕೈಯಿಟ್ಟನು.

"ಹಿಡ್ಕೋ ನನ್ನಪ್ಪಾ, ಹಿಡ್ಕೋ! ಅವ್ಳಿಗ್ ಮುಖ ತೋರ್ಸ್ಕ್ ನಾನ್."

ನಾನು ಹಿಡಿದುಕೊಂಡೆ. ನನ್ನ ನಾರು ಬುಡದಿಂದ ತುದಿಯವರೆಗೆ ಕಡಿಯದೆ ಬಾಗಿತ್ತು; ಗಾಳಿಯ ಪಾಠ ನನಗೆ ಎಳವೆಯಲ್ಲೇ ಆಗಿತ್ತು.

ಮಂಜಿ ಗಂಗೊಳ್ಳಿಗೆ ಮರಳಿದಾಗ ಮುಕಾಂಬು ದಡದಲ್ಲಿದ್ದಳು. ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಆಚಾರಿಯವರ ಕಡೆ ತಿರುಗಿದಳು:

"ಹೆಂಚ್ ಮುಳುಗ್ತಂಬ್ರ್. ಇವ್ರ ಅವಸ್ರವೂ ಮುಳುಗ್ತಾ ಕೇಣಿ!"

ತಂಡೇಲನು ತಲೆ ತಗ್ಗಿಸಿ ನಕ್ಕನು. ಹುಟ್ಟು ಡೊಂಕಿನ ಜೊತೆಗಾರ ಸಿಗುವವರೆಗೂ ಮಂಜಿ ನೀರಿಗಿಳಿಯಲಿಲ್ಲ. ಆಮೇಲೆ ನಾವಿಬ್ಬರೂ ಹೆಗಲಿಗೆ ಹೆಗಲು ಕೊಟ್ಟು ಎಷ್ಟೋ ಹಂಗಾಮು ಕಂಡೆವು. ವರ್ಷಕ್ಕೊಮ್ಮೆ ಮುಕಾಂಬುವೇ ಬಂದು ನನಗೆ ಹೊನ್ನೆಣ್ಣೆ ಸವರುತ್ತಿದ್ದಳು.

ಲಾರಿಗಳು ಬಂದವು, ಸರಕು ರಸ್ತೆ ಹಿಡಿಯಿತು. ಮುದಿ ಮಂಜಿಯನ್ನು ದಡದಲ್ಲಿ ಬಿಚ್ಚಿ ರಾಶಿ ಹಾಕಿದರು. ಸೌದೆಯಾಗುವೆನೆಂದು ನಾನು ಸಿದ್ಧನಾಗಿದ್ದೆ. ಆದರೆ ಕಣ್ಣು ಮಂಜಾದ ಮುದುಕಿಯೊಬ್ಬಳು ಬಂದು, ಮರಮರವನ್ನೂ ಬೆರಳಿನಿಂದ ತಡವಿ, ನನ್ನ ಗೀರಿನ ಮೇಲೆ ಬೆರಳು ನಿಲ್ಲಿಸಿದಳು.

"ಇದೇ. ಇದ್ ನಮ್ಮನಿದ್."

ಈಗ ನಾನು ಆಕೆಯ ಜಗಲಿಯ ಮಾಡಿನ ಕೆಳಗೆ ಅಡ್ಡತೊಲೆಯಾಗಿದ್ದೇನೆ. ಬಾಗಿಸಿದ ಗಾಳಿಗೂ, ಬಾಗನ್ನೇ ಬಯಸಿ ಬಂದ ಆಚಾರಿಯವರಿಗೂ, ಜೀವವನ್ನು ನನಗೊಪ್ಪಿಸಿದ ತಂಡೇಲನಿಗೂ ನಾನು ಋಣಿ. ಕೆಳಗೆ ಮೊಮ್ಮಗಳ ಕೂಸು ಜೋಲಿಯಲ್ಲಿ ಮಲಗಿದೆ. ಮುಕಾಂಬು ತೂಗುತ್ತಾಳೆ, ಹಗ್ಗ ಹಳೆಯ ಗೀರಿನಲ್ಲೇ ಓಡಾಡುತ್ತದೆ.