ದೊಡ್ಡಮ್ಮನ ಸಾಂದರ್ಭಿಕ ಚಿತ್ರ

ಬೆಳಿಗ್ಗೆಯಿಂದ ದೊಡ್ಡಮ್ಮನ ಫೋನು ಬಡಿದುಕೊಳ್ಳುತ್ತಲೇ ಇತ್ತು. ಮೊದಲು ಬ್ಯಾಂಕಿನವಳು ಕರೆ ಮಾಡಿ, ಮಗುವಿಗೆ ನೆಗಡಿ, ಇವತ್ತು ಕಳಿಸುವುದಿಲ್ಲ ಎಂದಳು. ಆಮೇಲೆ ಅವಳಿ ಮಕ್ಕಳ ಅಪ್ಪ ಕರೆ ಮಾಡಿದ. ಅವಳಿಗಳಿಗೂ ನೆಗಡಿ. ಆಮೇಲೆ ನರ್ಸಮ್ಮ. ಅವಳ ಮಗನಿಗೂ ನೆಗಡಿ.

"ಒಳ್ಳೇ ನೆಗಡಿ ಇದು," ಎಂದು ದೊಡ್ಡಮ್ಮ ನಕ್ಕಳು. "ನಿನ್ನೆ ಸಂಜೆ ಮನೆ ಸೂರು ಹಾರಿಹೋಗೋ ಹಾಗೆ ಕಿರುಚ್ತಿದ್ರು. ಒಬ್ಬರ ಮೂಗಲ್ಲೂ ಒಂದು ಹನಿ ಇರ್ಲಿಲ್ಲ."

ಬಾಗಿಲ ಹೊರಗಿನ ಮರದ ಹಲಗೆಯ ಮೇಲೆ ಈ ಹೊತ್ತಿಗೆ ಪುಟ್ಟ ಚಪ್ಪಲಿಗಳು ಬಿದ್ದಿರಬೇಕಿತ್ತು. ಹಲಗೆ ಖಾಲಿಯಿತ್ತು. ದೊಡ್ಡಪ್ಪ ಹೋದ ಮೇಲೆ, ಕೆಲಸಕ್ಕೆ ಹೋಗುವ ಅಕ್ಕಪಕ್ಕದವರ ಮಕ್ಕಳನ್ನು ಹಗಲಿಡೀ ನೋಡಿಕೊಳ್ಳಲು ದೊಡ್ಡಮ್ಮ ಶುರುಮಾಡಿದ್ದಳು. ಮನೆ ನಡೆಯುತ್ತಿದ್ದದ್ದು ಅದರಿಂದಲ್ಲ. ದೊಡ್ಡಮ್ಮ ನಡೆಯುತ್ತಿದ್ದದ್ದು ಅದರಿಂದ.

ಅವಳ ಜೊತೆಯಲ್ಲಿದ್ದವಳು ತಂಗಿಯ ಮಗಳು. ಒಂದು ಸುದ್ದಿ ಜಾಲತಾಣದಲ್ಲಿ ಬರೆಯುವ ಕೆಲಸ ಅವಳದು. ಅವಳು ಕಚೇರಿಗೆ ಹೊರಡಲು ಬ್ಯಾಗು ಹೆಗಲಿಗೇರಿಸುತ್ತಿದ್ದಾಗ ಕೆಳಗಿನ ಮನೆಯ ದರ್ಜಿ ಮೆಟ್ಟಿಲು ಹತ್ತಿ ಬಂದ. ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು.

"ಅಕ್ಕಾ, ತಪ್ಪು ತಿಳ್ಕೋಬೇಡಿ. ನೀವು ಅಂಥೋರಲ್ಲ ಅಂತ ನಮ್ಮನೇಲಿ ಹೇಳಿ ಹೇಳಿ ಸಾಕಾಯ್ತು. ಆದ್ರೂ... ಇದು ನೀವೇ ತಾನೇ?"

ಅವನು ಚಾಚಿದ ಫೋನಿನಲ್ಲಿ ದೊಡ್ಡಮ್ಮ ಹುಬ್ಬು ಗಂಟಿಕ್ಕಿಕೊಂಡು ನೋಡುತ್ತಿದ್ದಳು. ಮೇಲೆ ದಪ್ಪ ಅಕ್ಷರದಲ್ಲಿ ತಲೆಬರಹ: "ಮಕ್ಕಳಿಗೆ ನಿದ್ದೆ ಔಷಧಿ ಕುಡಿಸುತ್ತಿದ್ದ ಹೆಂಗಸು! ಪೋಷಕರೇ, ನಿಮ್ಮ ಮಗು ಈಗ ಎಲ್ಲಿದೆ?"

ಸುದ್ದಿ ಬರೆದದ್ದು ತಂಗಿಯ ಮಗಳೇ. ನಿನ್ನೆ ಸಂಜೆ, ಮನೆಗೆ ಹೊರಡುವ ಅವಸರದಲ್ಲಿ. ಚಿತ್ರ ಹಾಕಿದ್ದು ಸಂಪಾದಕರು. ಆದರೆ ಆ ಚಿತ್ರ ತೆಗೆದವಳೂ ಅವಳೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಯಾವುದೋ ಲೇಖನಕ್ಕೆಂದು ದೊಡ್ಡಮ್ಮನನ್ನು ತಾರಸಿಯಲ್ಲಿ ನಿಲ್ಲಿಸಿದ್ದಳು. ಕಣ್ಣಿಗೆ ಬಿಸಿಲು ಹೊಡೆದು ಮುಖ ಹಾಗೆ ಗಂಟಾಗಿತ್ತು. ಕಚೇರಿಯ ಚಿತ್ರಸಂಗ್ರಹದಲ್ಲಿ ಅದು 'ಹೆಂಗಸು, ಮಧ್ಯವಯಸ್ಸು, ಗಂಭೀರ' ಎಂದು ಕೂತುಬಿಟ್ಟಿತು.

"ಕೆಳಗೆ 'ಸಾಂದರ್ಭಿಕ ಚಿತ್ರ' ಅಂತ ಹಾಕಿದೆ," ಎಂದಳು ಹುಡುಗಿ.

ದರ್ಜಿ ಫೋನನ್ನು ಮೂಗಿನ ಹತ್ತಿರ ಹಿಡಿದ. "ಎಲ್ಲಿ? ಓ, ಇದಾ. ನಾನು ಇರುವೆ ಹರೀತಿದೆ ಅಂದ್ಕೊಂಡಿದ್ದೆ."

ದೊಡ್ಡಮ್ಮ ಕನ್ನಡಕ ಒರೆಸಿಕೊಂಡು ಇಡೀ ಸುದ್ದಿ ಓದಿದಳು.

"ಮೂಳೆ ಸವೆತಕ್ಕೆ ನನ್ನ ಮುಖ ಹಾಕ್ದಾಗ ಬೀದಿಗೆಲ್ಲ ತೋರಿಸ್ಕೊಂಡು ಬಂದೆ. ಅತ್ತೆ ಕಾಟಕ್ಕೆ ಹಾಕ್ದಾಗ, ಸೊಸೆಯೇ ಇಲ್ಲದೆ ಅತ್ತೆ ಆದ್ನಲ್ಲ ಅಂತ ನಗು ಬಂತು. ಈಗ..." ಖಾಲಿ ಹಲಗೆಯ ಕಡೆ ನೋಡಿ ಕೇಳಿದಳು: "ಅದು ಹೋಗ್ಲಿ. ಈ ಹೆಂಗಸು ನಿಜವಾಗಿ ಯಾರು?"

"ಗೊತ್ತಿಲ್ಲ ದೊಡ್ಡಮ್ಮ."

"ಬರೆದೋಳು ನೀನಲ್ವಾ?"

"ಬೇರೆ ತಾಣದಲ್ಲಿ ಬಂದಿತ್ತು. ನೋಡ್ಕೊಂಡು ಬರೆದೆ."

"ಅವಳನ್ನ ಒಂದು ಮಾತು ಕೇಳ್ಲಿಲ್ವಾ?"

ದೊಡ್ಡಮ್ಮ ಫೋನನ್ನು ದರ್ಜಿಗೆ ವಾಪಸು ಕೊಟ್ಟಳು. "ನನ್ನ ಪರವಾಗಿ ಮನೇಲಿ ಜಗಳ ಆಡೋಕೆ ನೀನಿದ್ದೀಯಪ್ಪ. ಅವಳಿಗೆ ಯಾರಿದ್ದಾರೋ."

ಕಚೇರಿಯಲ್ಲಿ ಸಂಪಾದಕರನ್ನು ಬೆನ್ನ ಹಿಂದೆ ಕರೆಯುವ ಹೆಸರು ಕ್ಲಿಕ್ಕಣ್ಣ. ಎಷ್ಟು ಜನ ಯಾವ ಸುದ್ದಿ ಒತ್ತಿದರು ಎಂಬ ಅಂಕಿಯನ್ನು ಅವರು ಮಗುವಿನ ಜ್ವರ ನೋಡುವಷ್ಟು ಕಾಳಜಿಯಿಂದ ನೋಡುತ್ತಿದ್ದರು. ವಿಷಯ ಕೇಳಿ ಕುರ್ಚಿಯಿಂದ ಎದ್ದೇ ನಿಂತರು.

"ಅಯ್ಯೋ, ನಿಮ್ಮ ದೊಡ್ಡಮ್ಮನಾ? ಮೊದಲೇ ಹೇಳ್ಬಾರ್ದಾ! ಇಗೋ, ಈಗ್ಲೇ ತೆಗೆದೆ." ತೆಗೆದು, ಇನ್ನೊಬ್ಬ ಹೆಂಗಸಿನ ಚಿತ್ರ ಅಂಟಿಸಿದರು. "ಆಯ್ತಲ್ಲ?"

"ಇವರ್ಯಾರು ಸರ್?"

"ಯಾರೋ."

"ಅವರ ಮನೆ ಕೆಳಗೂ ಒಬ್ಬ ದರ್ಜಿ ಇರ್ತಾನೆ ಸರ್."

ಕ್ಲಿಕ್ಕಣ್ಣನಿಗೆ ದರ್ಜಿಯ ಸಂಗತಿ ಅರ್ಥವಾಗಲಿಲ್ಲ. ಅವಳ ಮುಖ ಅರ್ಥವಾಯಿತು. ಮೆಲ್ಲಗೆ ಹೇಳಿದರು: "ನೋಡಮ್ಮ, ನಾನೇನು ರಾಕ್ಷಸ ಅಲ್ಲ. ಒಂದೊಂದು ಸುದ್ದಿಗೂ ಫೋನ್ ಮಾಡ್ತಾ ಕೂತ್ರೆ ಪಕ್ಕದವರು ಹತ್ತು ಸುದ್ದಿ ಹಾಕಿರ್ತಾರೆ. ಓದೋರು ಬಸ್ಸಲ್ಲಿ ನಿಂತ್ಕೊಂಡು ಬೆರಳು ಜಾರಿಸ್ತಾ ಇರ್ತಾರೆ. ಮುಖ ಕಾಣದಿದ್ರೆ ಬೆರಳು ನಿಲ್ಲಲ್ಲ. ಬೆರಳು ನಿಲ್ಲದಿದ್ರೆ ನಮ್ಮ ಸಂಬಳ ನಿಲ್ಲುತ್ತೆ."

ಅವರು ಹೇಳಿದ್ದು ಸುಳ್ಳಲ್ಲ. ಅವಳು ತನ್ನ ಜಾಗಕ್ಕೆ ಹೋಗಿ ಫೋನೆತ್ತಿಕೊಂಡಳು.

ಅವಳು ನೋಡಿ ಬರೆದ ತಾಣದವರು ತಾವೂ ಇನ್ನೊಂದು ತಾಣ ನೋಡಿ ಬರೆದದ್ದು ಎಂದರು, ಕೊಂಚವೂ ಸಂಕೋಚವಿಲ್ಲದೆ. ಆ ಇನ್ನೊಂದು ತಾಣದ ಸುದ್ದಿಯಲ್ಲಿ ಪೊಲೀಸ್ ಠಾಣೆಯ ಹೆಸರಾದರೂ ಇತ್ತು. ಠಾಣೆಯಲ್ಲಿ ಸಿಕ್ಕ ಪೊಲೀಸಪ್ಪ ಜೋರಾಗಿ ನಕ್ಕ.

"ಅದು ಮುಗಿದ ಕಥೆ ಅಮ್ಮ. ಡಾಕ್ಟರು ಬರೆದುಕೊಟ್ಟ ಕೆಮ್ಮಿನ ಔಷಧಿ. ಮಗುವಿನ ಅಪ್ಪನೇ ಬಾಟ್ಲಿ ಕೊಟ್ಟು ಕುಡಿಸಿ ಅಂತ ಹೇಳಿಹೋಗಿದ್ದಾನೆ, ಹೆಂಡ್ತಿಗೆ ಹೇಳೋದು ಮರೆತಿದ್ದಾನೆ. ಅವಳು ಓಡಿ ಬಂದು ದೂರು ಕೊಟ್ಲು. ಸಂಜೆ ಗಂಡನ ಕಿವಿ ಹಿಂಡ್ಕೊಂಡು ಬಂದು ದೂರು ವಾಪಸ್ ತಗೊಂಡ್ಲು. ನಮಗೂ ಒಳ್ಳೇ ಮನರಂಜನೆ."

ಮಗು ನೋಡಿಕೊಳ್ಳುತ್ತಿದ್ದ ಆ ಹೆಂಗಸಿಗೆ ವಿಷಯ ಮುಟ್ಟಿಸುತ್ತೇನೆ, ಮಾತಾಡುವುದು ಬಿಡುವುದು ಅವಳಿಗೆ ಬಿಟ್ಟದ್ದು ಎಂದ. ಮಧ್ಯಾಹ್ನ ಅವಳೇ ಕರೆ ಮಾಡಿದಳು. ಬೈಗುಳಕ್ಕೆ ಸಿದ್ಧವಾಗಿ ಕೂತಿದ್ದ ಹುಡುಗಿಗೆ ಕೇಳಿಸಿದ್ದು ದಣಿದ, ಸೌಮ್ಯವಾದ ದನಿ.

"ಎಷ್ಟು ಜನ ಬರೆದ್ರೋ ಲೆಕ್ಕ ಇಲ್ಲಮ್ಮ. ಕೇಳಿದ್ದು ಮಾತ್ರ ನೀವೇ ಮೊದಲು. ನನ್ನ ಹೆಸರು ಬೇಡ. ಔಷಧಿ ವಿಷಯ ಸರಿಯಾಗಿ ಹಾಕಿ, ಸಾಕು. ಮಕ್ಕಳ ಗಲಾಟೆ ಇಲ್ದೆ ಮಧ್ಯಾಹ್ನ ಈಗ ನನಗೇ ನಿದ್ದೆ ಬರ್ತಿಲ್ಲ."

ಅವಳು ಬರೆದಳು. ತಲೆಬರಹ ಹೀಗಿತ್ತು: "ನಿನ್ನೆ ನಾವು ಹಾಕಿದ ಸುದ್ದಿ ತಪ್ಪು."

ಕ್ಲಿಕ್ಕಣ್ಣ ಅದನ್ನು ಎರಡು ಸಲ ಓದಿದರು. "ತಲೆಬರಹದಲ್ಲೇ ತಪ್ಪು ಅಂತ ಹಾಕ್ತೀಯಾ?"

"ಬೆರಳು ನಿಲ್ಲುತ್ತೆ ಸರ್."

ಅವರಿಗೆ ನಗು ತಡೆಯಲಾಗಲಿಲ್ಲ. "ಸರಿ ಮಾರಾಯ್ತಿ. ಚಿತ್ರ?"

"ಮುಖ ಇರಲೇಬೇಕಾ?"

"ಇರಲೇಬೇಕು."

"ಹಾಗಾದ್ರೆ ಇಲ್ಲಿ ನೋಡಿ." ಅವಳು ಫೋನೆತ್ತಿ ಹಿಡಿದಳು. "ಇನ್ಮೇಲೆ ಸಾಂದರ್ಭಿಕ ಚಿತ್ರಕ್ಕೆಲ್ಲ ನಾವು ನಾವೇ ನಿಲ್ಲೋಣ. ನಮ್ಮನ್ನ ಕೇಳಿ ಹಾಕೋದು ಸುಲಭ."

ಇಡೀ ಕಚೇರಿ ಚಪ್ಪಾಳೆ ತಟ್ಟಿತು. ಕ್ಲಿಕ್ಕಣ್ಣ ಹುಮ್ಮಸ್ಸಿನಲ್ಲಿ ಕೂದಲು ಬಾಚಿಕೊಂಡು, ಕಿಟಕಿಯ ಬೆಳಕಿಗೆ ಮುಖ ಕೊಟ್ಟು ನಿಂತರು. ಕಣ್ಣಿಗೆ ಬಿಸಿಲು ಹೊಡೆದು ಹುಬ್ಬು ಗಂಟಾಯಿತು. ಅವಳು ಚಿತ್ರವನ್ನು ಸಂಗ್ರಹಕ್ಕೆ ಸೇರಿಸಿ ಗುರುತು ಬರೆದಳು: 'ಗಂಡಸು, ಮಧ್ಯವಯಸ್ಸು, ಗಂಭೀರ'.

"ಮಧ್ಯವಯಸ್ಸಾ?" ಎಂದರು ಕ್ಲಿಕ್ಕಣ್ಣ, ನೊಂದುಕೊಂಡು.

ಅವರ ಪರದೆಯ ಮೇಲೆ ಮುಂದಿನ ಸುದ್ದಿ ಚಿತ್ರಕ್ಕಾಗಿ ಕಾಯುತ್ತಿತ್ತು: "ಹೆಂಡತಿಯ ಬಳೆ ಕದ್ದು ಜೂಜಾಡಿದ ಗಂಡ!"

"ಸರ್, ಚಿತ್ರ ರೆಡಿ ಇದೆ," ಎಂದು ಕ್ರೀಡಾ ಸುದ್ದಿಯವನು ಹಿಂದಿನಿಂದ ಕೂಗಿದ. ಎಲ್ಲರೂ ನಕ್ಕರು. ಕ್ಲಿಕ್ಕಣ್ಣನೂ ನಕ್ಕರು. ಆದರೆ ಮೌಸಿನ ಮೇಲಿದ್ದ ಕೈ ಕದಲಲಿಲ್ಲ.

"ನನ್ನ ಹೆಂಡತಿ ನೋಡಿದ್ರೆ?"

"ಕೆಳಗೆ 'ಸಾಂದರ್ಭಿಕ ಚಿತ್ರ' ಅಂತ ಇರುತ್ತಲ್ಲ ಸರ್," ಎಂದಳು ಹುಡುಗಿ.

"ಅವಳ ತಮ್ಮ ನೋಡಿದ್ರೆ?"

ಕ್ಲಿಕ್ಕಣ್ಣ ಪರದೆಯನ್ನೇ ನೋಡುತ್ತ ಕೂತರು. ಬೆಳಿಗ್ಗೆ ಅಂಟಿಸಿದ್ದ ಯಾರೋ ಹೆಂಗಸಿನ ಚಿತ್ರವನ್ನು ಹುಡುಕಿ ಅಳಿಸಿದರು. ಆಮೇಲೆ ಮೇಜಿನ ಫೋನನ್ನು ಹತ್ತಿರ ಎಳೆದುಕೊಂಡು, ಬಳೆ ಸುದ್ದಿಯನ್ನೂ ಬರೆದಿದ್ದ ಕ್ರೀಡಾ ಸುದ್ದಿಯವನ ಕಡೆ ತಿರುಗಿದರು. "ಈ ಬಳೆ ಸುದ್ದಿ ಎಲ್ಲಿಂದ ಬಂತು? ಯಾವ ಠಾಣೆ ಅಂತ ಬರೆದಿದೆಯಾ?"

ತಪ್ಪು ಒಪ್ಪಿಕೊಂಡ ಸುದ್ದಿ ಸಂಜೆ ಹೊರಬಿತ್ತು. ಅದರಲ್ಲಿ ಯಾರ ಮುಖವೂ ಇರಲಿಲ್ಲ. ಒಂದು ಔಷಧಿ ಚಮಚದ ಚಿತ್ರವಿತ್ತು.

ಮರುದಿನ ಬೆಳಿಗ್ಗೆ ದೊಡ್ಡಮ್ಮನ ಮನೆಯ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಬ್ಯಾಂಕಿನವಳು ಮಗುವನ್ನು ಎತ್ತಿಕೊಂಡು, ನೆಲ ನೋಡುತ್ತ ನಿಂತಿದ್ದಳು.

"ನೆಗಡಿ ವಾಸಿ ಆಯ್ತು ಆಂಟಿ."

"ಆಗ್ಲೇಬೇಕಲ್ಲ," ಎಂದು ದೊಡ್ಡಮ್ಮ ಕೈ ಚಾಚಿದಳು. "ಎಲ್ಲರಿಗೂ ಒಟ್ಟಿಗೆ ಬಂದ ನೆಗಡಿ, ಒಟ್ಟಿಗೇ ಹೋಗುತ್ತೆ."

ನರ್ಸಮ್ಮನ ಮಗ ಆಗಲೇ ಮೆಟ್ಟಿಲು ಹತ್ತುತ್ತಿದ್ದ. ಅವಳಿಗಳ ಸುಳಿವು ಇನ್ನೂ ಇರಲಿಲ್ಲ. ಕಂಕುಳಿಂದ ಜಾರಿದ ಮಗು ಕಾಲು ಝಾಡಿಸಿ ಚಪ್ಪಲಿ ಕಳಚಿ ಒಳಗೆ ಓಡಿತು. ಒಂದು ಚಪ್ಪಲಿ ಹಲಗೆಯ ಮೇಲೆ ಬಿತ್ತು. ಇನ್ನೊಂದು ಮೆಟ್ಟಿಲುಗಳ ಮೇಲೆ ಪುಟಿಯುತ್ತ ಕೆಳಗಿಳಿದು ದರ್ಜಿಯ ಬಾಗಿಲಿಗೆ ಬಡಿಯಿತು.

"ಅಕ್ಕಾ," ಕೆಳಗಿನಿಂದ ದರ್ಜಿ ಕೂಗಿದ, "ಶುರುವಾಯ್ತಾ?"