ದೊರೆಯ ಇಪ್ಪತ್ತೆರಡನೆಯ ವರದಿ

ದೇವರು ಬುದ್ಧಿ ಹಂಚುವಾಗ ಎಲ್ಲರಿಗೂ ಒಂದೇ ಸೇರಿನಲ್ಲಿ ಅಳೆಯಲಿಲ್ಲ. ಯಾರಿಗೆಷ್ಟು ಎಂದು ಬರೆದಿಡಲೂ ಇಲ್ಲ. ಅಳೆಯುವ ಕೆಲಸವನ್ನು ಆಮೇಲೆ ಮನುಷ್ಯರೇ ಕೈಗೆತ್ತಿಕೊಂಡರು. ಅದಕ್ಕೊಂದು ಕೇಂದ್ರ, ಕೇಂದ್ರಕ್ಕೊಬ್ಬ ಸೂಪರಿಂಟೆಂಡೆಂಟ್, ಅವರಿಗೊಂದು ಸೀಲು ಮಾಡಿಕೊಂಡರು. ಅಂಥ ಒಂದು ಕೇಂದ್ರಕ್ಕೆ ದೊರೆ ಇಪ್ಪತ್ತೆರಡು ವರ್ಷಗಳಿಂದ ತರಬೇತಿಗೆ ಹೋಗುತ್ತಿದ್ದ.

ದೊರೆ ಎಂಬುದು ಅವನ ಹೆಸರಲ್ಲ. ಮಗು ನಡೆಯುವುದು, ಮಾತಾಡುವುದು ಎಲ್ಲ ತಡವಾಯಿತಲ್ಲ ಎಂದು ನೆರೆಯವರು ಮರುಗಿದಾಗ ತಾಯಿ, "ದೊರೆಗಳು ಯಾವಾಗ್ಲೂ ನಿಧಾನವಾಗೇ ಬರೋದು" ಎಂದಿದ್ದಳು. ತಾಯಿ ಹೋದಳು, ಮಾತು ಉಳಿಯಿತು. ಈಗ ಅವನಿಗೆ ನಲವತ್ತನಾಲ್ಕು. ಹೊಲಿಗೆ ಕೆಲಸದ ಅಕ್ಕನ ಜೊತೆ ಇದ್ದಾನೆ. ಓದಲು ಬಾರದು, ಕಿವಿಗೆ ಒಮ್ಮೆ ಬಿದ್ದದ್ದು ಮಾತ್ರ ಕಲ್ಲಿನಲ್ಲಿ ಕೆತ್ತಿದ ಹಾಗೆ.

ಕೇಂದ್ರದಲ್ಲಿ ಅವನ ಹಾಗೆ ತರಬೇತಿಗೆ ಬಂದವರು ಔಷಧಿ ಅಂಗಡಿಗಳಿಗೆ ಕಾಗದದ ಕವರು ಅಂಟಿಸುತ್ತಿದ್ದರು. ಬೆಳಿಗ್ಗೆ ಅಂಟು ಕಾಯಿಸುವವನು ದೊರೆ. ಬೀರುವಿನ ಬೀಗ ಕೈಕೊಟ್ಟರೆ ಯಾವ ಮೂಲೆಗೆ ಗುದ್ದಬೇಕೆಂದು ಗೊತ್ತಿದ್ದವನೂ ಅವನೇ. ನಲ್ಲಿಯ ಸದ್ದಿಗೆ ಕಿರುಚುವ, ಕಿಟಕಿ ಪಕ್ಕದ ಅಮ್ಮಣ್ಣಿಯ ಕೈಗೆ ಯಾವ ಬಣ್ಣದ ಕಾಗದ ಕೊಡಬೇಕು, ಎದ್ದು ಓಡುವ ಉದ್ದಣ್ಣನನ್ನು ಯಾವ ಕೆಲಸ ಹೇಳಿ ಕೂರಿಸಬೇಕು ಎಲ್ಲವೂ ಅವನಿಗೆ ಕರತಲಾಮಲಕ. ಟೀಚರುಗಳು ವರ್ಷ ಎರಡು ವರ್ಷಕ್ಕೆ ಬದಲಾಗುತ್ತಿದ್ದರು. ಬಂದವರಿಗೆಲ್ಲ ಕೆಲಸ ಕಲಿಸಿದವನು ದೊರೆ. ಕಲಿತವರು ಸರ್ಟಿಫಿಕೇಟು ಹಿಡಿದು ಮುಂದೆ ಹೋದರು. ಕಲಿಸಿದವನು ಗಾಣದ ಎತ್ತಿನಂತೆ ಸುತ್ತು ಹಾಕಿ ಅಲ್ಲೇ ಉಳಿದ.

ಒಂದು ಸೋಮವಾರ ಹದಿಮೂರನೆಯ ಟೀಚರ್ ಬಂದಳು, ಚಿಕ್ಕ ವಯಸ್ಸಿನ ಹುಡುಗಿ. ಅದೇ ವಾರ ರಸ್ತೆಯಾಚೆಯ ಆಸ್ಪತ್ರೆಯ ಲಾಂಡ್ರಿಯಿಂದ ಕಾಗದವೂ ಬಂತು. ಕೇಂದ್ರದ ಪರದೆಗಳನ್ನು ತರಲು ಹೋದ ದೊರೆ ಅಲ್ಲಿ ಸುಮ್ಮನೆ ನಿಲ್ಲಲಾರದೆ ಹಾಸಿಗೆಯ ಚಾದರಗಳನ್ನು ಮಡಿಸಿಟ್ಟಿದ್ದನ್ನು ಲಾಂಡ್ರಿಯ ಮೇಸ್ತ್ರಿ ನೋಡಿದ್ದ. ಈ ಮನುಷ್ಯ ಬೇಕು, ಹೊರಗಿನ ಕೆಲಸಕ್ಕೆ ಸಿದ್ಧ ಎಂದು ವರದಿ ಕೊಡಿ, ಶುಕ್ರವಾರ ಐದು ಗಂಟೆಯೊಳಗೆ ಬರದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದು ಬರೆದಿದ್ದ. ದೊರೆಗೆ ಆ ಕೆಲಸದ ಮೇಲೆ ಜೀವ. ಬಿಸಿ ಬಟ್ಟೆಯ ವಾಸನೆಗೆ ತಾಯಿಯ ನೆನಪಾಗುತ್ತದೆ ಎಂದು ಅಕ್ಕನಿಗೆ ಹೇಳಿದ್ದ. ಅಕ್ಕ ಸೂಜಿಗೆ ದಾರ ಪೋಣಿಸುತ್ತ, "ಡಾಕ್ಟರ್ ಆಗೋಕೇ ಐದಾರು ವರ್ಷ ಸಾಕು. ಕವರ್ ಅಂಟಿಸೋಕೆ ಇಪ್ಪತ್ತೆರಡಾ? ಅವರು ನಿನ್ನ ಬಿಟ್ಟಾಗ ನೋಡೋಣ" ಎಂದಳು.

ಬುಧವಾರ ವರದಿ ಬರೆಯುವ ದಿನ. ಟೀಚರ್‌ಗೆ ಫಾರಂ ಹೇಗೆ ತುಂಬುವುದೆಂದು ತಿಳಿಯಲಿಲ್ಲ. ದೊರೆ ಪಕ್ಕದಲ್ಲಿ ಕೂತು ಒಬ್ಬೊಬ್ಬರದೇ ಹೇಳಿಕೊಟ್ಟ. ತನ್ನ ಸರದಿ ಬಂದಾಗಲೂ, ದಿನದ ಪ್ರಾರ್ಥನೆ ಹೇಳುವವನಂತೆ ಕೈಕಟ್ಟಿ, ಪ್ರತಿ ವರ್ಷ ಓದಿಸಿ ಕೇಳಿಸಿಕೊಂಡಿದ್ದನ್ನೇ ಒಪ್ಪಿಸಿದ: "ಅಭ್ಯರ್ಥಿಯ ಪ್ರಗತಿ ತೃಪ್ತಿಕರ. ಆದರೆ ಹೊರಗಿನ ಕೆಲಸಕ್ಕೆ ಇನ್ನೂ ಸ್ವಲ್ಪ ತರಬೇತಿ ಅಗತ್ಯ."

ಟೀಚರ್ ಬರೆಯುತ್ತಿದ್ದವಳು ಪೆನ್ನು ನಿಲ್ಲಿಸಿದಳು. "ಯಾವುದರಲ್ಲಿ?"

ಇಪ್ಪತ್ತೆರಡು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ದೊರೆ ತಲೆ ಕೆರೆದುಕೊಂಡ; ಗೊತ್ತಿರುವವರನ್ನೇ ಕೇಳಿಬರುತ್ತೇನೆಂದು ಎದ್ದು ಸೂಪರಿಂಟೆಂಡೆಂಟರ ಕೋಣೆಗೆ ಹೋದ. ಅವರು ಕೆಟ್ಟವರಲ್ಲ. ಮೇಲಿನ ಆಫೀಸಿಗೆ ಕಾಗದ ಕಳಿಸುವುದರಲ್ಲೇ ಕೂದಲು ಹಣ್ಣಾದವರು. ಕೆಲಸ ನಡೆಯುವ ಪಕ್ಕದ ಹಾಲಿಗೆ ಕಾಲಿಟ್ಟು ಯಾವ ಕಾಲವಾಯಿತೋ. ಪ್ರಶ್ನೆ ಕೇಳಿ ಫೈಲು ತಿರುವಿದರು, ಕನ್ನಡಕ ಒರೆಸಿದರು, ಕೊನೆಗೆ "ಒಟ್ಟಾರೆಯಾಗಿ" ಎಂದರು.

ದೊರೆ ಓಡುತ್ತ ಬಂದ. "ಟೀಚರ್, ಒಟ್ಟಾರೆ ಒಂದು ಬಾಕಿಯಂತೆ. ಬೇಗ ಹೇಳಿಕೊಡಿ, ಶುಕ್ರವಾರದೊಳಗೆ ಕಲಿತುಬಿಡ್ತೀನಿ."

ಟೀಚರ್ ಬರೆಯುತ್ತಿದ್ದ ಫಾರಂ ಪಕ್ಕಕ್ಕಿಟ್ಟಳು. ಆಮೇಲೆ ಹೊಸ ಫಾರಂ ತೆಗೆದು, ಈ ಮೂರು ದಿನ ತನ್ನ ಕಣ್ಣಿಗೆ ಕಂಡದ್ದನ್ನು ಒಂದೇ ಸಾಲಿನಲ್ಲಿ ಬರೆದಳು. ಅಭ್ಯರ್ಥಿ ಸಿದ್ಧ, ಅವರು ಹೊರಟ ಮೇಲೆ ಸಿಬ್ಬಂದಿಗೆ ತರಬೇತಿ ಅಗತ್ಯ. ಬರೆದದ್ದನ್ನು ಅವನಿಗೆ ಓದಿ ಹೇಳಿದಳು. ಅವನು ಹೌದು, ಇದರಲ್ಲಿ ಸುಳ್ಳಿಲ್ಲ ಎಂದ.

ಸೂಪರಿಂಟೆಂಡೆಂಟರು ವರದಿಗಳನ್ನು ಓದಿ ಸಹಿ ಹಾಕುವ ಜಾತಿಯವರಲ್ಲ. ಎಲ್ಲ ಒಂದೇ ಇರುವಾಗ ಓದಿ ದೇವರು ಕೊಟ್ಟ ಕಣ್ಣನ್ನು ಯಾಕೆ ಸವೆಸಬೇಕು? ದೊರೆಯ ಫಾರಂ ಮೇಲೂ ಪೆನ್ನು ಇಳಿಯಿತು. ಟೀಚರ್ ಮತ್ತು ದೊರೆ ಮೇಜಿನ ಮುಂದೆ ನಿಂತಿದ್ದರು. ಇನ್ನೊಂದು ಗೆರೆ ಎಳೆದಿದ್ದರೆ ದೊರೆ ಲಾಂಡ್ರಿ ಸೇರುತ್ತಿದ್ದ.

"ಓದಿ ಸಾರ್" ಎಂದ ದೊರೆ. "ಈ ಸಲ ಬೇರೆ ಇದೆ."

ಟೀಚರ್ ಕಣ್ಣು ಮುಚ್ಚಿಕೊಂಡಳು. ಸೂಪರಿಂಟೆಂಡೆಂಟರು ಓದಿದರು. ಮತ್ತೊಮ್ಮೆ ಓದಿದರು. ಸಿಟ್ಟು ಬರಬೇಕಿತ್ತು, ಹೆದರಿಕೆ ಬಂತು. "ನೀನು ಹೋದ್ರೆ ಇಲ್ಲಿ ನಡೆಸೋರು ಯಾರಪ್ಪ?" ಎಂದರು. ಇಪ್ಪತ್ತೊಂದು ವರದಿಗಳಲ್ಲಿ ಬರೆಯದ ಮಾತು ಹಾಗೆ ತಾನಾಗಿ ಹೊರಬಿತ್ತು.

"ನಾನು ಹೇಳಿಕೊಡ್ತೀನಿ ಸಾರ್. ಎರಡು ದಿನ ಇದೆಯಲ್ಲ."

ಕಲಿತ ಮೇಲೆ ಸಹಿ ಎಂದು ಫಾರಂ ಎತ್ತಿಟ್ಟಿದ್ದ ಸೂಪರಿಂಟೆಂಡೆಂಟರು ಗುರುವಾರ ಅಂಗಿಯ ತೋಳು ಮಡಿಚಿ ಹಾಲಿಗೆ ಬಂದರು. ದೊರೆ ಒಂದೊಂದನ್ನೇ ಮೂರು ಮೂರು ಸಲ, ಬೇಸರವಿಲ್ಲದೆ ತೋರಿಸಿದ. ಅವರು ತಪ್ಪಿದಾಗ ಗದರಲಿಲ್ಲ. ಕಷ್ಟದ ಕೆಲಸ ಸಾರ್, ಆತುರ ಬೇಡ ಅಂದ. ಬೀರುವಿನ ಬೀಗ ಅವರ ಗುದ್ದಿಗೆ ತೆರೆಯಲೇ ಇಲ್ಲ. ಉದ್ದಣ್ಣ ಅವರನ್ನು ಎರಡು ಸಲ ಗೇಟಿನವರೆಗೆ ಓಡಿಸಿದ.

ಶುಕ್ರವಾರ ದೊರೆ ಕುರ್ಚಿಯಲ್ಲಿ ಕೂತ. ಇವತ್ತು ನಾನು ಏಳಲ್ಲ, ನೀವೇ ಎಲ್ಲ ಮಾಡಬೇಕು ಎಂದಿದ್ದ. ಕೂತವನಿಗೆ ಅದು ತಪಸ್ಸೇ ಆಯಿತು. ಅಂಟು ತಳ ಹಿಡಿಯಿತು. ಯಾರೋ ನಲ್ಲಿ ತಿರುಗಿಸಿದರು, ಅಮ್ಮಣ್ಣಿ ಕಿರುಚಿದಳು, ಸೂಪರಿಂಟೆಂಡೆಂಟರು ನೀಲಿಯ ಬದಲು ಹಳದಿ ಕಾಗದ ಕೊಟ್ಟರು. ದೊರೆಯ ಕಾಲು ಏಳಲೆಂದು ನೆಲಕ್ಕೆ ಊರಿತು; ತೊಡೆಯ ಮೇಲೆ ಎರಡು ಕೈಯನ್ನೂ ಒತ್ತಿ ಹಿಡಿದುಕೊಂಡ. ಹೊತ್ತಾದ ಮೇಲೆ ಸೂಪರಿಂಟೆಂಡೆಂಟರು ತಾವಾಗಿಯೇ ಹೋಗಿ ನಲ್ಲಿ ನಿಲ್ಲಿಸಿ, ಬೀರು ತಡಕಿ ನೀಲಿ ಕಾಗದ ಹುಡುಕಿ ಕೊಟ್ಟರು. ಅಮ್ಮಣ್ಣಿ ಬಿಕ್ಕುತ್ತ ಅದನ್ನು ಮಡಿಸತೊಡಗಿದಳು.

ನಾಲ್ಕೂವರೆಗೆ ಅವರು ಫಾರಂ ಹಿಡಿದು ಅವನ ಮುಂದೆ ನಿಂತರು. ಅಂಗಿಗೆ ಅಂಟು, ಹಣೆಯಲ್ಲಿ ಬೆವರು, ಮೇಜಿನ ಮೇಲೆ ತಲೆಕೆಳಗಾಗಿ ಅಂಟಿಸಿದ ಕವರುಗಳ ರಾಶಿ. ದೊರೆ ಸುಳ್ಳು ಹೇಳುವವನಲ್ಲ ಎಂದು ಅವರಿಗೂ ಗೊತ್ತು. "ಹೇಳಪ್ಪ" ಎಂದರು ಮೆತ್ತಗೆ. "ನನಗೆ ಬಂತಾ?"

ಟೀಚರ್ ಬಾಗಿಲ ಬಳಿ ನಿಂತು ಕಾಣದ ದೇವರಿಗೆ ಕೈಮುಗಿದಳು. ಇಲ್ಲ ಎಂದುಬಿಟ್ಟರೆ ಮುಗಿಯಿತು. ದೊರೆ ರಾಶಿಯನ್ನು ನೋಡಿದ, ಅಮ್ಮಣ್ಣಿಯನ್ನು ನೋಡಿದ.

"ಬಂದಿಲ್ಲ ಸಾರ್. ನಾನು ಹೋದ ಮೇಲೆ ಬರತ್ತೆ. ನಾನಿದ್ರೆ ನೀವು ಕಲಿಯಲ್ಲ."

ಸೂಪರಿಂಟೆಂಡೆಂಟರು ಗೋಡೆಗೆ ಫಾರಂ ಒತ್ತಿ ಸಹಿ ಹಾಕಿದರು, ಸೀಲು ಒತ್ತಿದರು. ದೊರೆ ಮಸಿ ಆರುವ ತನಕ ಊದಿ, ಟೀಚರ್‌ಗೆ ಹೇಳಿ, ಫಾರಂ ಹಿಡಿದು ಹೊರಟ. ಒಲೆಯ ಹತ್ತಿರ ತಳ ಹಿಡಿದ ಪಾತ್ರೆ ಕೂತಿತ್ತು. ಅಭ್ಯಾಸಬಲದಿಂದ ಕೈ ಅತ್ತ ಹೋಯಿತು. ಅವನು ಆ ಕೈಯನ್ನು ಹಿಂದಕ್ಕೆಳೆದು ಜೇಬಿನಲ್ಲಿ ಇಟ್ಟುಕೊಂಡು, ರಸ್ತೆಯ ಎರಡೂ ಕಡೆ ನೋಡಿ, ನಿಧಾನವಾಗಿ ದಾಟಿದ.